500 ವಾಟ್ ಆಂಪ್‌ಗೆ 8 ಗೇಜ್ ವೈರ್ ಸಾಕಾ, 4 ಗೇಜ್ ಬೇಕಾ?

ಪ್ರಶ್ನೆ: ನನ್ನದು ಸ್ವಿಫ್ಟ್ ಕಾರು. ಡಿಕ್ಕಿಯಲ್ಲಿ ಒಂದು ಸಬ್‌ವೂಫರ್, ಅದಕ್ಕೆ 500 ವಾಟ್ ಆರ್‌ಎಂಎಸ್ (ಅಂದರೆ ಸತತವಾಗಿ ಕೊಡಬಲ್ಲ ಪವರ್) ಆಂಪ್ಲಿಫೈಯರ್ (ಆಂಪ್) ಕೂರಿಸಬೇಕು ಅಂತಿದ್ದೇನೆ. ಅಂಗಡಿಯವರು 8 ಗೇಜ್ ಪವರ್ ವೈರ್ ಸಾಕು ಅಂತಾರೆ. ಗೆಳೆಯ 4 ಗೇಜ್ ಹಾಕಿಸು ಅಂತಾನೆ. ರೇಟಿನಲ್ಲಿ ತುಂಬಾ ವ್ಯತ್ಯಾಸ ಇದೆ. ಯಾವುದು ಸರಿ ಸರ್? (ಸಿಂಧನೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ಗೆಳೆಯ ಹೇಳಿದ್ದೇ ಸರಿ. 8ಕ್ಕಿಂತ ದಪ್ಪ ಇರೋ 4 ಗೇಜ್ ಹಾಕಿಸಿ, ಅದೂ ಅಪ್ಪಟ ತಾಮ್ರದ್ದು. ಕಾರಣ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮಗೆ ಬೇರೆ ವೈರ್ ಸುತ್ತಿ ಕೊಡೋಕೆ ಆಗಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸಿಂಧನೂರಿನವರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಬಗ್ಗೆ ನಾನು ಹೇಳಬೇಕಿಲ್ಲ. ಡ್ಯಾಂನಿಂದ ಬಿಟ್ಟ ನೀರು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗ ಮುಟ್ಟೋ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅನ್ನೋದೇ ರೈತರ ಗೋಳು. ಕಾರಿನಲ್ಲೂ ಆಂಪ್ ಕೊನೆ ಭಾಗದ ರೈತ ಇದ್ದ ಹಾಗೆ. ಬ್ಯಾಟರಿ ಬಾನೆಟ್ ಕೆಳಗೆ, ಆಂಪ್ ಡಿಕ್ಕಿಯಲ್ಲಿ, ನಡುವೆ ಸುಮಾರು 5 ಮೀಟರ್ ವೈರ್. ಕಾಲುವೆ ನೀರಿನ ಹಾಗೆ ಕರೆಂಟ್ ದಾರಿಯಲ್ಲಿ ಸೋರಿ ಹೋಗಲ್ಲ, ಅಷ್ಟೇ ವ್ಯತ್ಯಾಸ. ಇಲ್ಲಿ ಕಮ್ಮಿಯಾಗೋದು ವೋಲ್ಟೇಜ್. ಮನೆಯ 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗಲ್ಲ. ಕಾರಿನಲ್ಲಿ ಇಂಜಿನ್ ಓಡುವಾಗಲೂ ಇರೋದೇ 14ರ ಆಸುಪಾಸು. ಅದರಲ್ಲಿ ಒಂದು ಹೋದರೆ ಆಂಪ್‌ಗೆ ಉಸಿರು ಕಟ್ಟುತ್ತೆ. ಬೇಸ್ ಮೆತ್ತಗಾಗುತ್ತೆ, ಆಂಪ್ ಬಿಸಿಯಾಗುತ್ತೆ, ಕೆಲವು ಸಲ ಹಾಡಿನ ಮಧ್ಯೆ ತಾನೇ ಆಫ್ ಆಗುತ್ತೆ.

ಈಗ ಲೆಕ್ಕಕ್ಕೆ ಬರೋಣ. ಆಂಪ್ ಕ್ಲಾಸ್ ಡಿ ಆಗಿದ್ದರೆ, ಒಳಗೆ ಹೋದ ಪವರ್‌ನಲ್ಲಿ ನೂರಕ್ಕೆ ಸುಮಾರು 80 ಭಾಗ ಸ್ಪೀಕರ್‌ಗೆ ಸಿಗುತ್ತೆ, ಉಳಿದಿದ್ದು ಬಿಸಿಯಾಗಿ ಹೋಗುತ್ತೆ. ಅಂದರೆ 500 ವಾಟ್ ಹೊರಗೆ ಬರಬೇಕಾದರೆ 625 ವಾಟ್ ಒಳಗೆ ಹೋಗಬೇಕು. ಅದನ್ನು 13.8 ವೋಲ್ಟ್‌ನಿಂದ ಭಾಗಿಸಿ: 45 ಆಂಪಿಯರ್. ಹಳೇ ಮಾದರಿಯ ಕ್ಲಾಸ್ ಎಬಿ ಆಂಪ್ ಆದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಸ್ಪೀಕರ್‌ಗೆ ಹೋಗುತ್ತೆ, ಆಗ ಇದೇ 500 ವಾಟ್‌ಗೆ 65 ಆಂಪಿಯರ್ ಬೇಕು. ಹಾಗಾಗಿ ಯಾವ ಕ್ಲಾಸ್ ಅಂತ ಮೊದಲು ನೋಡಿ.

ಡಬ್ಬದ ಮೇಲೆ ದೊಡ್ಡದಾಗಿ ಬರೆದ 2000, 3000 ವಾಟ್ ನಂಬಬೇಡಿ. ಆಂಪ್‌ನಲ್ಲೇ ಫ್ಯೂಸ್ ಇದ್ದರೆ ಅದನ್ನು ನೋಡಿ, ಅದು ಸುಳ್ಳು ಹೇಳಲ್ಲ. 30 ಆಂಪಿಯರ್‌ನ ಎರಡು ಫ್ಯೂಸ್ ಇದ್ದರೆ ಒಟ್ಟು 60. ಅದನ್ನು 13.8ರಿಂದ ಗುಣಿಸಿದರೆ 828 ವಾಟ್. ಒಳಗೆ ಹೋಗೋದೇ ಅಷ್ಟಾದರೆ ಹೊರಗೆ 3000 ಎಲ್ಲಿಂದ ಬರಬೇಕು?

ಗೇಜ್ ನಂಬರ್ ಸಣ್ಣದಾದಷ್ಟೂ ವೈರ್ ದಪ್ಪ. 8 ಗೇಜ್ ಅಂದರೆ ಸುಮಾರು 8.4 ಸ್ಕ್ವೇರ್ ಎಂಎಂ ತಾಮ್ರ, 4 ಗೇಜ್ ಅಂದರೆ 21. ಎರಡೂವರೆ ಪಟ್ಟು. ನಿಮ್ಮ 45 ಆಂಪಿಯರ್ 5 ಮೀಟರ್ ಹರಿದರೆ 8 ಗೇಜ್‌ನಲ್ಲಿ ಸುಮಾರು 0.47 ವೋಲ್ಟ್ ಹೋಗುತ್ತೆ, 4 ಗೇಜ್‌ನಲ್ಲಿ 0.19. ಅರ್ಧ ವೋಲ್ಟ್‌ಗಿಂತ ಜಾಸ್ತಿ ಹೋಗಬಾರದು ಅನ್ನೋದು ನಾನು ಇಟ್ಟುಕೊಂಡಿರೋ ಗೆರೆ. 8 ಗೇಜ್ ಆ ಗೆರೆಯ ಮೇಲೇ ನಿಂತಿದೆ. ಹಾಡಿನಲ್ಲಿ ಪೂರ್ತಿ 45 ಆಂಪಿಯರ್ ಸದಾ ಹರಿಯಲ್ಲ, ಬೇಸ್ ಹೊಡೆದಾಗ ಮಾತ್ರ, ನಿಜ. ಆದರೆ ಸಬ್ ಹಾಕಿಸೋದೇ ಆ ಹೊಡೆತಕ್ಕೆ ಅಲ್ವಾ?

ಇದರ ಮೇಲೆ ನಮ್ಮೂರ ಬಿಸಿಲು. ತಾಮ್ರ ಬಿಸಿಯಾದರೆ ಕರೆಂಟ್‌ಗೆ ಅಡ್ಡಿ ಹೆಚ್ಚುತ್ತೆ, 10 ಡಿಗ್ರಿಗೆ ಸುಮಾರು 4 ಪರ್ಸೆಂಟ್. ಮೇ ತಿಂಗಳು ರಾಯಚೂರಿನಲ್ಲಿ ನೆರಳಲ್ಲೇ 42 ಡಿಗ್ರಿ ಇರುವಾಗ ಬಾನೆಟ್ ಕೆಳಗೆ ಕೈ ಇಡೋಕಾಗಲ್ಲ. ಅಲ್ಲಿ ಹಾದುಹೋಗೋ ವೈರ್ 70 ಡಿಗ್ರಿ ಮುಟ್ಟಿದರೆ, 20 ಡಿಗ್ರಿಗೆ ಮಾಡಿದ ಲೆಕ್ಕಕ್ಕೆ ಅಷ್ಟು ಭಾಗದಲ್ಲಿ 20 ಪರ್ಸೆಂಟ್ ಸೇರಿಸಬೇಕು.

ಈ ಲೆಕ್ಕವೆಲ್ಲ ಅಪ್ಪಟ ತಾಮ್ರಕ್ಕೆ. ಕಮ್ಮಿ ರೇಟಿನ ಕಿಟ್‌ಗಳಲ್ಲಿ ಬರೋದು ಹೆಚ್ಚಾಗಿ ಸಿಸಿಎ, ಅಂದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಪದರ. ಅದೇ ದಪ್ಪಕ್ಕೆ ಒಂದೂವರೆ ಪಟ್ಟು ಅಡ್ಡಿ. ಇದಕ್ಕೆ ನಾನೇ ಒಂದು ಸಲ ಮೋಸ ಹೋಗಿದ್ದೇನೆ. ಬಳ್ಳಾರಿಯಲ್ಲಿ ಕಾರಿಗೆ ಆಂಪ್ ಕೂರಿಸುವಾಗ ವೈರ್ ಸಣ್ಣದಾಯ್ತಲ್ಲ ಅಂದೆ. ಅಂಗಡಿಯವ, ‘ಅಣ್ಣಾ, ಇಷ್ಟು ದಪ್ಪ ಐತಲ್ಲ, ಇನ್ನೇನು ಬೇಕು?’ ಅಂದ. ನಾನೂ ಸುಮ್ನಾದೆ. ಎರಡನೇ ಬೇಸಿಗೆಗೆ ಸಿರುಗುಪ್ಪ ರಸ್ತೆಯಲ್ಲಿ ಹೋಗುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರೆ ಫ್ಯೂಸ್ ಹೋಲ್ಡರ್ ಕರಗಿ ಒಂದು ಕಡೆ ವಾಲಿತ್ತು. ಫ್ಯೂಸ್ ಮಾತ್ರ ಹೋಗಿರಲಿಲ್ಲ. ಹರಿದ ಕರೆಂಟ್ ಜಾಸ್ತಿ ಇರಲಿಲ್ಲ, ಹೋಲ್ಡರ್ ಒಳಗೆ ವೈರ್ ಸಡಿಲಾಗಿತ್ತು. ಅಲ್ಯೂಮಿನಿಯಂ ಎಳೆ ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಕುಗ್ಗುತ್ತೆ, ಹಿಡಿತ ಸಡಿಲಾದ ಜಾಗವೇ ಕಾಯುತ್ತೆ.

ಮನೆಗೆ ಬಂದು ಆ ವೈರ್ ಸಿಪ್ಪೆ ಸುಲಿದೆ. ಹೊರಗಡೆ ಪೆನ್ಸಿಲ್ ದಪ್ಪ. ಒಳಗಿನ ಎಳೆಗಳೆಲ್ಲ ಸೇರಿ ಬಾಲ್‌ಪೆನ್ ರೀಫಿಲ್ ಅಷ್ಟು. ಒಂದು ಎಳೆ ತೆಗೆದು ಬ್ಲೇಡ್‌ನಿಂದ ಕೆರೆದರೆ ಕೆಂಪು ಹೋಗಿ ಬೆಳ್ಳಗೆ ಕಂಡಿತು. ಅವತ್ತಿನಿಂದ ಬ್ಲೇಡ್ ಇಲ್ಲದೆ ನಾನು ವೈರ್ ಅಂಗಡಿಗೆ ಹೋಗಿಲ್ಲ. ನೀವೂ ಹಾಗೇ ಮಾಡಿ. ಕೆರೆದರೆ ಒಳಗೂ ಕೆಂಪಗೇ ಇರಬೇಕು. ಮೇಲೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ತವರ ಲೇಪಿಸಿದ ತಾಮ್ರ, ಅದು ಒಳ್ಳೆಯದೇ. ಗೇಜ್ ಬದಲು ‘ಎಷ್ಟು ಸ್ಕ್ವೇರ್ ಎಂಎಂ?’ ಅಂತ ಕೇಳಿ. ಬೋರ್‌ವೆಲ್ ಮೋಟರ್ ಕೇಬಲ್ ತರುವಾಗ ಹಾಗೇ ಕೇಳ್ತೀವಲ್ಲ. ಕಾರ್ ಆಡಿಯೋ ಅಂಗಡಿಯಲ್ಲಿ ಸಿಗದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 25 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲ್ ಕೇಳಿ. 4 ಗೇಜ್‌ಗಿಂತ ಒಂದು ಕೈ ಮೇಲೇ, ಚೆನ್ನಾಗಿ ಬಾಗುತ್ತೆ. ವೆಲ್ಡಿಂಗ್ ಕೇಬಲ್‌ನಲ್ಲೂ ಅಲ್ಯೂಮಿನಿಯಂ ಬರುತ್ತೆ, ಅಲ್ಲೂ ಬ್ಲೇಡ್ ತೆಗೆಯಿರಿ.

ಫ್ಯೂಸ್ ವಿಷಯದಲ್ಲಿ ದಯವಿಟ್ಟು ಯಾರ ಮಾತೂ ಕೇಳಬೇಡಿ. ಬ್ಯಾಟರಿ ಪ್ಲಸ್‌ನಿಂದ ಒಂದೂವರೆ ಅಡಿ ಒಳಗೆ ಫ್ಯೂಸ್ ಇರಲೇಬೇಕು. ಅದು ಆಂಪ್ ರಕ್ಷಣೆಗಲ್ಲ, ವೈರ್ ರಕ್ಷಣೆಗೆ. ಎಲ್ಲೋ ವೈರ್ ಉಜ್ಜಿ ಸಿಪ್ಪೆ ಹರಿದು ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ, ಸೀಟಿನ ಪಕ್ಕದ ಕಾರ್ಪೆಟ್ ಕೆಳಗೇ ಹೀಟರ್ ಕಾಯಿಲ್ ಆಗುತ್ತೆ. ಡಿಕ್ಕಿಯಲ್ಲಿ ಆಂಪ್ ಪಕ್ಕ ಹಾಕಿದ ಫ್ಯೂಸ್‌ನಿಂದ ಆಗ ಏನೂ ಉಪಯೋಗ ಇಲ್ಲ. ನಿಮಗೆ 60 ಆಂಪಿಯರ್ ಸರಿ, ಕ್ಲಾಸ್ ಎಬಿ ಆದರೆ 80. ಇಂಜಿನ್ ಕಡೆಯಿಂದ ಒಳಗೆ ಬರೋ ತಗಡಿನ ತೂತಿಗೆ ರಬ್ಬರ್ ಬುಷ್ ಹಾಕಿಸಿ.

ಅರ್ತ್ ವೈರ್, ಅಂದರೆ ಆಂಪ್‌ನ ಮೈನಸ್‌ನಿಂದ ಕಾರಿನ ಬಾಡಿಗೆ ಹೋಗೋ ವೈರ್, ಪವರ್ ವೈರ್‌ನಷ್ಟೇ ದಪ್ಪ ಇರಲಿ, ಉದ್ದ ಎರಡು ಅಡಿ ಮೀರದಿರಲಿ. ಬೋಲ್ಟ್ ಹಾಕೋ ಜಾಗದಲ್ಲಿ ಪೇಂಟ್ ಪೂರ್ತಿ ಕೆರೆದು ತಗಡು ಹೊಳೆಯಬೇಕು.

ನಾಲ್ಕು ಸ್ಪೀಕರ್‌ಗೆ ಸಣ್ಣ 200 ವಾಟ್ ಆಂಪ್ ಮಾತ್ರ ಆಗಿದ್ದರೆ 8 ಗೇಜ್ ತಾಮ್ರ ಸಾಕು ಅಂತ ನಾನೇ ಹೇಳ್ತಿದ್ದೆ. 1000 ವಾಟ್ ಆರ್‌ಎಂಎಸ್ ಆಸೆ ಇದ್ದರೆ 35 ಸ್ಕ್ವೇರ್ ಎಂಎಂಗೆ ಹೋಗಿ.

ಎಲ್ಲ ಕೂರಿಸಿದ ಮೇಲೆ ಒಂದು ಮಲ್ಟಿಮೀಟರ್ ತಗೊಳ್ಳಿ. ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದನ್ನು ಉದ್ದ ವೈರ್ ಕಟ್ಟಿ ಆಂಪ್‌ನ ಪ್ಲಸ್‌ಗೆ ಹಿಡಿಯಿರಿ. ಇಂಜಿನ್ ಓಡುತ್ತಿರಲಿ, ಬೇಸ್ ಜೋರಿರಲಿ. ಮೀಟರ್ ತೋರಿಸೋದೇ ದಾರಿಯಲ್ಲಿ ಹೋದ ವೋಲ್ಟೇಜ್. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ವೈರ್ ಕೀಳೋಕೆ ಮೊದಲು ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಬ್ಯಾಟರಿ ಕಡೆ ತುದಿ ಬಿಚ್ಚಿ, ಹೋಲ್ಡರ್‌ನ ಸ್ಕ್ರೂ ಬಿಗಿ ಮಾಡಿ, ಮತ್ತೆ ಅಳೆಯಿರಿ.