ನಾಲ್ಕು ಕಿಲೋ ತೂಕದ ಪುಟ

ಶಿರಸಿಯ ಮಳೆಗಾಲದಲ್ಲಿ ಗೋಡೆ ಕೂಡ ಬೆವರುತ್ತದೆ. 1990ರ ದಶಕದ ಮಧ್ಯದಲ್ಲಿ ನಾನು ಕೆಲಸಕ್ಕೆ ಸೇರಿದ ಪ್ರೆಸ್ಸಿನಲ್ಲಿ ಜೂನ್ ಬಂತು ಅಂದರೆ ಮೊದಲ ಕೆಲಸ ಕಾಗದದ ಕಟ್ಟುಗಳನ್ನು ನೆಲದಿಂದ ಎತ್ತಿ ಹಲಗೆ ಮೇಲೆ ಇಡುವುದು. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ, ನಾರಿನ ಅಡ್ಡಕ್ಕೆ ಜಾಸ್ತಿ. ಬೆಳಿಗ್ಗೆ ಕೆಂಪು ಹೊಡೆದು ಸಂಜೆ ಹಸಿರು ಹೊಡೆದರೆ ಯಕ್ಷಗಾನದ ಕರಪತ್ರದಲ್ಲಿ ಕಿರೀಟ ಒಂದು ಕಡೆ, ಅದರ ಬಣ್ಣ ಇನ್ನೊಂದು ಕಡೆ.

ಆ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಇನ್ನೂ ಅಚ್ಚುಮೊಳೆಯ ಕೇಸುಗಳು, ಅಂದರೆ ಮೊಳೆ ಇಡುವ ಖಾನೆ ಖಾನೆಯ ತಟ್ಟೆಗಳು, ಇದ್ದವು. ಮೊಳೆ ಅಂದರೆ ಸೀಸ, ಆಂಟಿಮನಿ, ಸ್ವಲ್ಪ ತವರ ಸೇರಿಸಿ ಎರಕ ಹೊಯ್ದ ಪುಟ್ಟ ಕಡ್ಡಿ, ತಲೆ ಮೇಲೆ ತಿರುಗುಮುರುಗಾದ ಒಂದು ಅಕ್ಷರ. ಬರೀ ಸೀಸ ಆದರೆ ಮೆತ್ತಗೆ, ಒತ್ತಿದರೆ ಚಪ್ಪಟೆ ಆಗುತ್ತದೆ. ಆಂಟಿಮನಿ ಅದನ್ನು ಗಟ್ಟಿ ಮಾಡುತ್ತದೆ, ಆರುವಾಗ ಹೆಚ್ಚು ಕುಗ್ಗದ ಹಾಗೂ ನೋಡಿಕೊಳ್ಳುತ್ತದೆ, ಹಾಗಾಗಿಯೇ ಅಕ್ಷರದ ಅಂಚು ಚೂಪಾಗಿ ಬರುತ್ತದೆ. ಇಂಗ್ಲಿಷಿಗೆ ಒಂದೆರಡು ಕೇಸ್ ಸಾಕು. ಕನ್ನಡಕ್ಕೆ ಮೂಲಾಕ್ಷರ, ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿ ನೂರಾರು ಖಾನೆ. ನಮ್ಮಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರಿದ್ದರು. ಅವರ ಕೈಗೆ ಯಾವ ಖಾನೆ ಎಲ್ಲಿದೆ ಎಂದು ಗೊತ್ತಿತ್ತು, ಕಣ್ಣು ಮ್ಯಾಟರ್, ಅಂದರೆ ಅಚ್ಚಿಗೆ ಬಂದ ಬರಹದ, ಮೇಲೆಯೇ ಇರುತ್ತಿತ್ತು. ತಿರುಗುಮುರುಗು ಅಕ್ಷರಗಳನ್ನು ನಾವು ಪೇಪರ್ ಓದಿದ ಹಾಗೆ ಓದುತ್ತಿದ್ದರು.

ಮೊಳೆಯ ಎತ್ತರ ಸುಮಾರು 23 ಮಿಲಿಮೀಟರ್. ಸಣ್ಣ ಪುಸ್ತಕದ ಒಂದು ಪುಟದ ಅಗಲ 11 ಸೆಂಟಿಮೀಟರ್, ಉದ್ದ 17 ಅಂದುಕೊಳ್ಳಿ. ಅಷ್ಟಗಲ ಜೋಡಿಸಿದ ಮೊಳೆಯ ತೂಕ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 4 ಕಿಲೋ ಆಗುತ್ತದೆ. ಒಂದೇ ಒಂದು ಪುಟ! ಅದನ್ನು ದಾರದಲ್ಲಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿ ಹಿಡಿದು ಮಷಿನ್ ಹತ್ತಿರ ಒಯ್ಯಬೇಕು. ಕೈ ಜಾರಿದರೆ ಅರ್ಧ ದಿನದ ಕೆಲಸ ನೆಲದ ಪಾಲು.

ಕಂಪ್ಯೂಟರ್ ಬಂದು ಕೆಲಸ ಬೇಗ ಆಯ್ತು ಎಂದು ಎಲ್ಲರೂ ಹೇಳುತ್ತಾರೆ. ಬೇಗ ಆದದ್ದು ನಿಜ. ಆದರೆ ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸುವುದು, ವೇಗ ಆಮೇಲಿನ ಮಾತು. ಮೊದಲು ಆದದ್ದು ಅಕ್ಷರದ ತೂಕ ಹೋದದ್ದು. ಕೈಯಲ್ಲಿ ಹಿಡಿಯುವ ವಸ್ತುವಾಗಿದ್ದ ಅಕ್ಷರ ಲೆಕ್ಕವಾಯಿತು. ನಮ್ಮ ದಿನಚರಿ, ಗಿರಾಕಿಯ ಜೊತೆಗಿನ ಮಾತು, ತಪ್ಪು ಮಾಡುವ ರೀತಿ, ತಪ್ಪು ತಿದ್ದುವ ರೀತಿ, ಎಲ್ಲ ಅಲ್ಲಿಂದಲೇ ಬದಲಾಯಿತು.

ಲೆಕ್ಕ ಹೇಗೆ ಅಂತೀರಾ? ಒಂದು ತೆಳ್ಳಗಿನ ಬಿದಿರಿನ ಪಟ್ಟಿ ತೆಗೆದುಕೊಳ್ಳಿ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ತುದಿ ಎಲ್ಲಿದೆ, ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ನಡುವಿನ ಬಳುಕು ತಾನಾಗಿಯೇ ನಿರ್ಧಾರ ಆಗುತ್ತದೆ. ಹಾಗಾದರೆ ಇಡೀ ಬಳುಕನ್ನು ನೆನಪಿಟ್ಟುಕೊಳ್ಳಬೇಕಿಲ್ಲ, ನಾಲ್ಕು ಬಿಂದು ಸಾಕು. ಎರಡು ತುದಿ, ಪ್ರತಿ ತುದಿಗೂ ದಿಕ್ಕು ತೋರಿಸುವ ಒಂದೊಂದು ಬಿಂದು. ಇದು ಅಕ್ಷರಕ್ಕಾಗಿ ಹುಟ್ಟಿದ ಗಣಿತ ಅಲ್ಲ, ಕಾರಿನ ಬಾಡಿಗಾಗಿ ಹುಟ್ಟಿದ್ದು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟಲ್ಜೋ 1959ರಲ್ಲೇ ಕಂಡುಕೊಂಡಿದ್ದರು. ರೆನೋ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ ಬೇರೆಯಾಗಿ ಅಲ್ಲಿಗೇ ಬಂದು ತಲುಪಿದರು, 1960ರ ದಶಕದಲ್ಲಿ ಅದನ್ನು ಜಗತ್ತಿಗೆ ಗೊತ್ತುಮಾಡಿದರು. ಹೆಸರು ಬೆಜಿಯೆ ಅವರದ್ದೇ ಉಳಿಯಿತು.

ಮನೆಯಲ್ಲೇ ಮಾಡಿ ನೋಡಬಹುದು, ಮಕ್ಕಳಿಗೂ ಖುಷಿಯಾಗುತ್ತದೆ. ಕಾಗದದ ಮೇಲೆ ನಾಲ್ಕು ಚುಕ್ಕಿ ಇಡಿ, ಸಾಲಾಗಿ ಗೆರೆ ಎಳೆದು ಸೇರಿಸಿ. ಮೂರು ಗೆರೆ ಬರುತ್ತವೆ. ಮೂರರ ನಡುಬಿಂದು ಗುರುತಿಸಿ, ಅವನ್ನು ಸೇರಿಸಿ. ಈಗ ಎರಡು ಗೆರೆ. ಅವುಗಳ ನಡುಬಿಂದು ಹಿಡಿದು ಸೇರಿಸಿದರೆ ಒಂದೇ ಗೆರೆ. ಆ ಗೆರೆಯ ನಡುಬಿಂದು ನಿಮಗೆ ಬೇಕಾದ ಬಳುಕಿನ ಮೇಲೆಯೇ ಇರುತ್ತದೆ. ಅರ್ಧದ ಬದಲು ಕಾಲುಭಾಗ, ಮುಕ್ಕಾಲು ಭಾಗ ಅಂತ ಬೇರೆ ಬೇರೆ ಪ್ರಮಾಣ ಹಿಡಿದು ಇದನ್ನೇ ಮಾಡಿದರೆ ಪೂರ್ತಿ ಬಳುಕು ಮೂಡುತ್ತದೆ. ನಮ್ಮ 'ಅ', 'ಲ', 'ಳ' ನೋಡಿ, ಬರೀ ಬಳುಕುಗಳೇ ಅಲ್ವಾ? ಕನ್ನಡಕ್ಕೆ ಹೇಳಿ ಮಾಡಿಸಿದ ಗಣಿತ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ 1982ರಲ್ಲಿ ಅಡೋಬಿ ಕಂಪನಿ ಶುರು ಮಾಡಿದರು. ಅವರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಈ ಬಳುಕುಗಳನ್ನೇ ಪ್ರಿಂಟರಿಗೆ ಹೇಳಿತು. 1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂತಾಶ್ ಕಂಪ್ಯೂಟರಿನ ಪರದೆಯಲ್ಲಿ ಅಂಗುಲಕ್ಕೆ 72 ಚುಕ್ಕಿ. ಮರುವರ್ಷ ಬಂದ ಲೇಸರ್‌ರೈಟರ್‌ನಲ್ಲಿ ಅಂಗುಲಕ್ಕೆ 300. ಅಕ್ಷರ ಚುಕ್ಕಿಯಾಗಿ ಇದ್ದಿದ್ದರೆ ಪರದೆಯ ಒರಟು ರೂಪವೇ ಕಾಗದಕ್ಕೂ ಬರುತ್ತಿತ್ತು. ಲೆಕ್ಕವಾಗಿ ಇದ್ದದ್ದರಿಂದ ಪ್ರಿಂಟರ್ ತನ್ನ 300ಕ್ಕೆ ತಕ್ಕ ಹಾಗೆ ಹೊಸದಾಗಿ ಲೆಕ್ಕ ಹಾಕಿಕೊಂಡಿತು. ಅದೇ 1985ರಲ್ಲಿ ಆಲ್ಡಸ್ ಕಂಪನಿಯ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಬಂತು. ಆ ಕಂಪನಿ ಕಟ್ಟಿದ ಪಾಲ್ ಬ್ರೈನರ್ಡ್ ಈ ಕೆಲಸಕ್ಕೆ ಇಟ್ಟ ಹೆಸರು ಡೆಸ್ಕ್‌ಟಾಪ್ ಪಬ್ಲಿಷಿಂಗ್. ಇವತ್ತಿಗೂ ಶಿರಸಿ, ಕುಮಟಾ, ಕಾರವಾರದ ಯಾವ ಪೇಟೆಗೆ ಹೋದರೂ ಝೆರಾಕ್ಸ್ ಅಂಗಡಿಯ ಬೋರ್ಡಿನಲ್ಲಿ 'ಡಿಟಿಪಿ' ಎಂದು ಕಾಣುತ್ತದಲ್ಲ, ಅದು ಇದೇ.

ನಮ್ಮ ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಅದಕ್ಕೊಂದು ಗಾಜಿನ ಕೋಣೆ ಕಟ್ಟಿದರು, ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ಲೇಸರ್ ಪ್ರಿಂಟರಿನಲ್ಲಿ ಬಟರ್ ಪೇಪರ್ ಮೇಲೆ ಪುಟವನ್ನು ಕನ್ನಡಿಯ ಬಿಂಬದ ಹಾಗೆ ಉಲ್ಟಾ ತೆಗೆಯುತ್ತಿದ್ದೆವು. ಶಾಯಿ ಇರುವ ಬದಿ, ಬೆಳಕು ಹಾಯಿಸಿ ಪುಟ ಮೂಡಿಸುವ ಆಫ್‌ಸೆಟ್ ಪ್ಲೇಟಿಗೆ ಅಂಟಿಕೊಂಡಂತೆ ಇರಬೇಕು, ಆಗ ಬೆಳಕು ನುಸುಳದೆ ಗೆರೆ ಚೂಪಾಗಿ ಮೂಡುತ್ತದೆ. ಆ ಉಲ್ಟಾ ಪುಟವನ್ನು ನಾವೆಲ್ಲ ಬೆಳಕಿಗೆ ಹಿಡಿದು ತಿರುಗಿಸಿ ಓದುತ್ತಿದ್ದರೆ, ಮೊಳೆ ಜೋಡಿಸುತ್ತಿದ್ದ ಹಿರಿಯರು ಮೇಜಿನ ಮೇಲೆ ಇದ್ದ ಹಾಗೇ ಓದಿ ತಪ್ಪಿಗೆ ಬೆರಳಿಡುತ್ತಿದ್ದರು. ಕೀಲಿಮಣೆ ಅವರು ಮುಟ್ಟಲಿಲ್ಲ. ಆದರೆ ಅವರು ನೋಡದೆ ಒಂದು ಹಾಳೆಯೂ ಮಷಿನ್‌ಗೆ ಹೋಗುತ್ತಿರಲಿಲ್ಲ. ಅವರನ್ನು ಪ್ರೆಸ್ಸು ಉಳಿಸಿಕೊಂಡದ್ದು ನನಗೆ ಈಗಲೂ ಸಮಾಧಾನದ ವಿಷಯ, ಎಷ್ಟೋ ಕಡೆ ಹಾಗೆ ಆಗಲಿಲ್ಲ.

ಇನ್ನು ಹಿಂದಕ್ಕೆ ಹೋಗುವ ಸೌಲಭ್ಯ, ಅಂದರೆ ಅನ್‌ಡೂ. ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ಹತ್ತಿರದಿಂದ ನೋಡಿದ್ದೀರಾ? ಕೆಳಗೆ ಬಿಳಿ ಸುಣ್ಣದ ಗಾರೆ, ಮೇಲೆ ಕೆಮ್ಮಣ್ಣಿನ ಬಣ್ಣ. ಚೂಪಾದ ಉಪಕರಣದಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ಗೀರಿದ್ದು ಗೀರಿದ್ದೇ. ಹಾಗಾಗಿ ಕಲಾವಿದರ ತಲೆಯಲ್ಲಿ ಚಿತ್ರ ಮೊದಲೇ ಮುಗಿದಿರಬೇಕು. ಮೊಳೆ, ಬ್ಲಾಕ್, ಕತ್ತರಿ, ಗೋಂದಿನ ಕಾಲದ ವಿನ್ಯಾಸವೂ ಹಾಗೇ ಇತ್ತು. ಪೇಜ್‌ಮೇಕರ್‌ನಲ್ಲಿ ಒಂದೇ ಒಂದು ಹೆಜ್ಜೆ ಹಿಂದೆ ಹೋಗಬಹುದಿತ್ತು. 1998ರ ಫೋಟೋಶಾಪ್ 5ರಲ್ಲಿ ಹಿಸ್ಟರಿ ಬಂತು, ಹಲವು ಹೆಜ್ಜೆ ಹಿಂದೆ ಹೋಗುವುದು ಸಾಧ್ಯವಾಯಿತು. ಆಮೇಲೆ ಗಿರಾಕಿಗಳು ನನ್ನ ಕುರ್ಚಿಯ ಪಕ್ಕವೇ ಸ್ಟೂಲ್ ಎಳೆದುಕೊಂಡು ಕೂರತೊಡಗಿದರು. ಇನ್ನೊಂಚೂರು ದೊಡ್ಡ ಮಾಡಿ, ಕೆಂಪು ಹಾಕಿ, ಬೇಡ, ಮೊದಲಿಂದೇ ಇರಲಿ. ಮೊಳೆಯ ಕಾಲದಲ್ಲಿ ಅಕ್ಷರ ದೊಡ್ಡ ಮಾಡಿ ಅನ್ನಬೇಕಾದರೆ ಆ ಅಳತೆಯ ಮೊಳೆ ಪ್ರೆಸ್ಸಿನಲ್ಲಿ ಇರಬೇಕು, ಜೋಡಿಸಿದ್ದನ್ನು ಬಿಚ್ಚಬೇಕು. ಆ ಶ್ರಮ ಗಿರಾಕಿಯ ಕಣ್ಣಿಗೆ ಕಾಣುತ್ತಿತ್ತು. ಪರದೆಯ ಮೇಲಿನ ಶ್ರಮ ಕಾಣುವುದಿಲ್ಲ. ಲಗ್ನಪತ್ರಿಕೆಯ ಕೆಲಸ ಒಂದು ತಾಸಿನದ್ದೇ, ಆದರೆ ಬದಲಾವಣೆಗೆ ನಾಲ್ಕು ಸಂಜೆ ಹೋಗುತ್ತದೆ. ಹಾಗಂತ ಅನ್‌ಡೂ ಇಲ್ಲದ ದಿನಕ್ಕೆ ವಾಪಸ್ ಹೋಗುತ್ತೀಯಾ ಎಂದು ಕೇಳಿದರೆ ಖಂಡಿತ ಇಲ್ಲ. ನಾನು ಧೈರ್ಯವಾಗಿ ಬಣ್ಣ ಹಾಕುವುದನ್ನು ಕಲಿತದ್ದೇ ಅದರಿಂದ.

ತೂಕ ಹೋಯಿತು ಅಂದೆ, ಆದರೆ ಫೋಟೋಗಳಿಗೆ ಬೇರೆ ಥರದ ಭಾರ ಬಂತು. ಎ4 ಅಳತೆಯ ಪುಟ, ಅಂಗುಲಕ್ಕೆ 300 ಚುಕ್ಕಿ ಅಂದರೆ 2480ಕ್ಕೆ 3508. ಒಟ್ಟು 87 ಲಕ್ಷ ಚುಕ್ಕಿ. ಮುದ್ರಣಕ್ಕೆ ನೀಲಿ, ಗುಲಾಬಿ, ಹಳದಿ, ಕಪ್ಪು ಎಂದು ನಾಲ್ಕು ಶಾಯಿ, ಪ್ರತಿ ಚುಕ್ಕಿಗೆ ನಾಲ್ಕು ಬೈಟ್. ಸುಮಾರು 35 ಎಂಬಿ. ಆಗಿನ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ, ಅಂದರೆ ಒಂದು ಪುಟಕ್ಕೆ 24 ಫ್ಲಾಪಿ! ನಮ್ಮ ಯಂತ್ರದಲ್ಲಿ ರ‍್ಯಾಮ್ 32 ಎಂಬಿ. ಚಿತ್ರವೇ ಅದಕ್ಕಿಂತ ದೊಡ್ಡದು, ಹಾಗಾಗಿ ಕಂಪ್ಯೂಟರ್ ಚಿತ್ರದ ತುಂಡುಗಳನ್ನು ಹಾರ್ಡ್ ಡಿಸ್ಕಿಗೆ ಇಟ್ಟು, ತೆಗೆದು, ಮತ್ತೆ ಇಟ್ಟು ಒದ್ದಾಡುತ್ತಿತ್ತು. ಚಿತ್ರ ಒಂದು ಸಲ ತಿರುಗಿಸಿದರೆ ಚಹಾ ಕುಡಿದು ಬರಬಹುದಿತ್ತು. ಅಷ್ಟರಲ್ಲಿ ಕರೆಂಟ್ ಹೋದರೆ ಯುಪಿಎಸ್ ಕೂಗಿಕೊಳ್ಳುತ್ತಿತ್ತು, ನಾವು ಓಡಿ ಬಂದು ಸೇವ್ ಮಾಡುತ್ತಿದ್ದೆವು.

ಬಣ್ಣದ ಕೆಲಸ ಹುಬ್ಬಳ್ಳಿಗೆ ಕಳಿಸಬೇಕಿತ್ತು. ಫೋನ್ ಲೈನಿನ ಇಂಟರ್ನೆಟ್ಟು ಹೆಸರಿಗೆ ಸೆಕೆಂಡಿಗೆ 56 ಸಾವಿರ ಬಿಟ್. ಲೈನ್ ಒಮ್ಮೆಯೂ ಕಡಿಯಲಿಲ್ಲ ಅಂದುಕೊಂಡರೂ ಒಂದು ಸಿಡಿಯಷ್ಟು ಮಾಹಿತಿ, ಅಂದರೆ 700 ಎಂಬಿ, ಹೋಗಲಿಕ್ಕೆ ಒಂದು ಹಗಲು ಒಂದು ರಾತ್ರಿಗಿಂತ ಜಾಸ್ತಿ ಬೇಕು. ಬಸ್ಸಿಗೆ ಸುಮಾರು ಮೂರು ತಾಸು. ಹಾಗಾಗಿ ಸಿಡಿಯನ್ನು ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಸುತ್ತಿ ಸಂಜೆ ಬಸ್ಸಿಗೆ ಕೊಟ್ಟು, ಆ ಕಡೆಯವರಿಗೆ ಫೋನ್ ಮಾಡಿ ಬಸ್ ನಂಬರ್ ಹೇಳುವುದು. ಲೆಕ್ಕ ಹಾಕಿ ನೋಡಿ, ನಮ್ಮ ಬಸ್ಸು ಆ ಫೋನ್ ಲೈನಿಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು ವೇಗದ ಜಾಲವಾಗಿತ್ತು.

ಒಂದು ಸಲ ಹೀಗೆ ಕಳಿಸಿದ 500 ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ವರನ ಹೆಸರಿನ 'ಕೃಷ್ಣ' ಎಂಬಲ್ಲಿ ಣ ಒತ್ತು ಮಾಯ. ನನ್ನ ಪರದೆಯಲ್ಲಿ ಇತ್ತು, ಪ್ರೂಫಿನಲ್ಲೂ ಇತ್ತು. ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್, ಅಂದರೆ ಅಕ್ಷರಗಳ ಆಕಾರ ಇರುವ ಕಡತ, ಇರಲಿಲ್ಲ, ಅದೇ ಥರದ ಇನ್ನೊಂದು ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಹಾಗಾಯಿತು ಎಂಬುದು ಕನ್ನಡದಲ್ಲಿ ವಿನ್ಯಾಸ ಮಾಡುವ ಎಲ್ಲರ ಕಥೆ. ಆ ಕಾಲದ ಫಾಂಟಿನಲ್ಲಿ ಇದ್ದದ್ದು 256 ಖಾನೆ, ಅದೂ ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ್ದು. ನೂರಾರು ಖಾನೆಯ ಕನ್ನಡ ಕೇಸನ್ನು ಅದರೊಳಗೆ ತುರುಕಬೇಕು. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಒಂದು ತುಂಡು, ಕೊಂಬು ಒಂದು, ದೀರ್ಘ ಒಂದು. ಯಾವ ತುಂಡು ಯಾವ ಖಾನೆಯಲ್ಲಿ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ಥರ ತೀರ್ಮಾನಿಸಿತು. ಕಂಪ್ಯೂಟರ್ ತನ್ನೊಳಗೆ ಬರೆದುಕೊಂಡದ್ದು ಬರೀ ಖಾನೆಯ ನಂಬರು. ಬೇರೆ ಫಾಂಟ್ ಹಾಕಿದರೆ ಅದೇ ನಂಬರಿಗೆ ಬೇರೆ ತುಂಡು. ಟೈಪ್ ಮಾಡುವುದನ್ನು ಸುಲಭ ಮಾಡಿದವರು ಕೆ.ಪಿ. ರಾವ್. ಉಚ್ಚಾರಣೆಗೆ ತಕ್ಕ ಹಾಗೆ ಅವರು ರೂಪಿಸಿದ ಕೀಲಿಮಣೆಯ ಆಧಾರದ ಮೇಲೆಯೇ ಮುಂದೆ ನುಡಿ ತಂತ್ರಾಂಶದ ಕೀಲಿಮಣೆ ಬಂತು, ಇವತ್ತು ನನ್ನ ಬೆರಳುಗಳು ಓಡುವುದೂ ಅದರ ಮೇಲೆಯೇ. ಆದರೆ ಒಳಗಿನ ನಂಬರುಗಳ ಗೊಂದಲ ಬಹಳ ವರ್ಷ ಹಾಗೇ ಇತ್ತು.

ಅದಕ್ಕೆ ನಾವು ಕಂಡುಕೊಂಡ ದಾರಿ 'ಕರ್ವ್ ಮಾಡಿ ಕಳಿಸುವುದು'. ಕೋರೆಲ್ ಡ್ರಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಕ್ಷರವನ್ನು ಪೂರ್ತಿ ಬೆಜಿಯೆ ಬಳುಕುಗಳಾಗಿ ಬದಲಾಯಿಸಿಬಿಟ್ಟರೆ ಫಾಂಟಿನ ಹಂಗೇ ಇಲ್ಲ. ಎಲ್ಲಿ ತೆರೆದರೂ 'ಕೃಷ್ಣ' ಕೃಷ್ಣನೇ. ಆದರೆ ಒಮ್ಮೆ ಕರ್ವ್ ಆದ ಮೇಲೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಅಕ್ಷರದ ಚಿತ್ರ ಆಗುತ್ತದೆ. ಕಾಗುಣಿತ ತಿದ್ದಲಿಕ್ಕೆ ಬರುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ನನ್ನ ಬಳಿ ಆ ಕಾಲದ ಸಿಡಿಗಳ ರಾಶಿಯೇ ಇದೆ, ಕೆಲವಕ್ಕೆ ಮಳೆಗಾಲದ ಬೂಷ್ಟು ಹಿಡಿದಿದೆ. ಊರ ದೇವಸ್ಥಾನದ ಸ್ಮರಣ ಸಂಚಿಕೆ, ಮೇಳದ ಕರಪತ್ರ, ಸಹಕಾರಿ ಸಂಘದ ವರದಿ. ತೆರೆದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರಿಗೆ ಅದರಲ್ಲಿ ಒಂದು ಶಬ್ದವೂ ಗೊತ್ತಿಲ್ಲ.

ಯುನಿಕೋಡ್, ಅಂದರೆ ಎಲ್ಲ ಲಿಪಿಯ ಅಕ್ಷರಗಳಿಗೂ ಒಂದೊಂದು ನಂಬರು ಕೊಟ್ಟ ಜಾಗತಿಕ ಪಟ್ಟಿ, ಬಂದು ಮಾಡಿದ್ದು ಅಕ್ಷರಕ್ಕೂ ಅದರ ಆಕಾರಕ್ಕೂ ಇದ್ದ ಗಂಟು ಬಿಚ್ಚಿದ್ದು. 3200ರಿಂದ 3327ರವರೆಗೆ 128 ಖಾನೆ ಕನ್ನಡಕ್ಕೆ ಮಾತ್ರ, ಜಗತ್ತಿನ ಎಲ್ಲ ಕಂಪ್ಯೂಟರಿನಲ್ಲೂ ಅದೇ. 'ಕ' ಅಂದರೆ 3221, 'ರ' ಅಂದರೆ 3248, ಅಕ್ಷರದೊಳಗಿನ 'ಅ'ಕಾರ ತೆಗೆಯುವ ವಿರಾಮ 3277. 'ಅರ್ಕ' ಎಂದು ಬರೆದರೆ ಕಂಪ್ಯೂಟರ್ ನಾವು ಉಚ್ಚರಿಸುವ ಹಾಗೇ ಅ, ರ, ವಿರಾಮ, ಕ ಎಂದು ಇಟ್ಟುಕೊಳ್ಳುತ್ತದೆ. ರಕಾರವನ್ನು ಅರ್ಕಾವತ್ತಾಗಿ ಮಾಡಿ ಕ ಆದ ಮೇಲೆ ಕೂರಿಸುವುದು ಫಾಂಟಿನ ಕೆಲಸ. ಈಗ ಫಾಂಟ್ ಬದಲಾಯಿಸಿದರೆ ರೂಪ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಬೆಂಗಳೂರಿನ ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಮ್ಯಾಟರ್ ನಾನು ಶಿರಸಿಯಲ್ಲಿ ಕೂತು ಪುಟಕ್ಕೆ ನೇರ ಸುರಿಯುತ್ತೇನೆ. ಆದರೆ ಪುಟ ವಿನ್ಯಾಸದ ತಂತ್ರಾಂಶಗಳು ಇದನ್ನು ಕಲಿಯಲಿಕ್ಕೆ ತಡ ಮಾಡಿದವು. ಇನ್‌ಡಿಸೈನ್‌ನಲ್ಲಿ ಭಾರತದ ಲಿಪಿಗಳಿಗೆ ಸರಿಯಾದ ಬೆಂಬಲ ಬಂದದ್ದು 2012ರ ಸಿಎಸ್6ರಲ್ಲಿ. ಅಲ್ಲಿಯವರೆಗೆ ಹಳೇ ಫಾಂಟು, ಯುನಿಕೋಡ್ ಎಂಬ ಎರಡು ಲೋಕದ ನಡುವೆ ಪರಿವರ್ತಕ ಹಾಕಿಕೊಂಡು ಓಡಾಡಿದ್ದೇ ಆಯಿತು.

ಈಚೆಗೆ ಶಾಲೆಯೊಂದರ ಬ್ಯಾನರ್ ಕೆಲಸ ಬಂತು. 'ರ‍್ಯಾಂಕ್' ಎಂದು ಬರಬೇಕಾದಲ್ಲಿ 'ರ್ಯಾಂಕ್' ಬಂದಿತ್ತು. ರ, ವಿರಾಮ, ಯ ಎಂದು ಸಾಲಾಗಿ ಬಂದರೆ ಫಾಂಟ್ 'ಸೂರ್ಯ'ದ ಹಾಗೆ ಅರ್ಕಾವತ್ತು ಮಾಡುತ್ತದೆ, ಅದು ಅದರ ನಿಯಮ. ಬೇಡ, ರ ಹಾಗೇ ನಿಲ್ಲಲಿ, ಯ ಒತ್ತಾಗಿ ಕೆಳಗೆ ಬರಲಿ ಎಂದು ಹೇಳಲಿಕ್ಕೆ ನಡುವೆ ಒಂದು ಕಾಣದ ಅಕ್ಷರ ಇಡಬೇಕು. ಅದಕ್ಕೆ ಅಗಲ ಇಲ್ಲ, ಆಕಾರ ಇಲ್ಲ, ಅಚ್ಚಿನಲ್ಲಿ ಮೂಡುವುದೂ ಇಲ್ಲ. ಯಾರೋ ಮ್ಯಾಟರ್ ನಕಲು ಮಾಡುವಾಗ ಅದು ಬಿದ್ದುಹೋಗಿತ್ತು.

ಮೊಳೆ ಜೋಡಿಸುತ್ತಿದ್ದ ಹಿರಿಯರನ್ನು ನೋಡಲು ಮನೆಗೆ ಹೋದಾಗ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮಲ್ಲೂ ಇತ್ತಲ್ಲ, ಸ್ಪೇಸ್ ಮೊಳೆ, ಅಕ್ಷರಕ್ಕಿಂತ ಗಿಡ್ಡ, ಶಾಯಿ ತಾಗುವುದಿಲ್ಲ, ಅಚ್ಚಿನಲ್ಲಿ ಕಾಣುವುದಿಲ್ಲ, ಆದರೆ ಅದಿಲ್ಲದೆ ಸಾಲು ನಿಲ್ಲುವುದಿಲ್ಲ ಅಂದರು. ಆಮೇಲೆ, ಇದನ್ನು ಯಾವ ಖಾನೆಯಲ್ಲಿ ಇಟ್ಟಿದ್ದಾರೆ ಎಂದು ಕೇಳಿದರು. ಕನ್ನಡದ 128ರಲ್ಲಿ ಇಲ್ಲ, ದೂರ 8205ರಲ್ಲಿದೆ, ಬೇರೆ ಲಿಪಿಯವರೂ ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ ಅಂದೆ.