ಹಳೆ ಲೇಸಿಗೆ ಹೊಸ ದಾರ ಹುಡುಕುವ ಲೆಕ್ಕ

ಯೂರೋಪಿನ ಹಳೆಯ ಲೇಸ್ ನಕ್ಷೆಯೊಂದು ಕೈಗೆ ಸಿಕ್ಕಿದೆ ಅಂದುಕೊಳ್ಳಿ. ಅಂಚಿನಲ್ಲಿ ‘ಲಿನನ್, 100, ಎರಡೆಳೆ’ ಎಂದು ಬರೆದಿದೆ. ಆ ದಾರ ಮಾಡುತ್ತಿದ್ದ ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅಂಗಡಿಯಲ್ಲಿ 100ರ ಹತ್ತಿ ದಾರ ಇದೆ. ನಂಬರ್ ಒಂದೇ ಅಲ್ವಾ ಅಂತ ತಂದು ಹೆಣೆದರೆ ಲೇಸ್ ಸೊಳ್ಳೆ ಪರದೆಯ ಹಾಗೆ ಜಾಳುಜಾಳಾಗುತ್ತದೆ.

ಎಡವಟ್ಟು ಆಗುವುದು ನಂಬರಿನಲ್ಲೇ. ಈ ನಂಬರಿಗೆ ಕೌಂಟ್ ಅನ್ನುತ್ತಾರೆ. ಅದು ದಪ್ಪದ ಅಳತೆ ಅಲ್ಲ. ಒಂದು ಪೌಂಡ್ ನೂಲಿಗೆ ಎಷ್ಟು ಲಡಿ ಬರುತ್ತವೆ ಎಂಬ ಲೆಕ್ಕ ಅದು. ಕೌಂಟ್ ಏರಿದಷ್ಟೂ ನೂಲು ಸಣ್ಣ. ಇಳಕಲ್, ಗುಳೇದಗುಡ್ಡದ ನೇಕಾರರಿಗೆ ಇದು ಹೊಸದೇನಲ್ಲ. ತೊಡಕು ಇರುವುದು ಲಡಿಯ ಉದ್ದದಲ್ಲಿ. ಇಂಗ್ಲೆಂಡಿನ ಹತ್ತಿ ಗಿರಣಿಗಳ ಲಡಿ 840 ಗಜ, ಲಿನನ್ ಗಿರಣಿಗಳದ್ದು 300 ಗಜ. ಹಾಗಾಗಿ ನಂಬರ್ ಒಂದೇ ಆದರೂ ಲಿನನ್ ನೂಲು ಹತ್ತಿಯದಕ್ಕಿಂತ 2.8 ಪಟ್ಟು ಭಾರ. 100ರ ಲಿನನ್ ಬದಲಿಗೆ ಹತ್ತಿ ಬೇಕಿದ್ದರೆ 36ರ ಆಸುಪಾಸಿನದನ್ನು ಹುಡುಕಬೇಕು. ರೇಷ್ಮೆಗೆ ಹೋದರೆ ಲೆಕ್ಕ ಪೂರ್ತಿ ತಿರುವುಮುರುವು. ಅಲ್ಲಿ ಡೆನಿಯರ್, ಅಂದರೆ 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ರಾಮನಗರ, ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ಬಿಚ್ಚುವ ರೀಲರ್‌ಗಳು ಹೇಳುವ 20/22 ಇದೇ, ಅಂದರೆ 20ರಿಂದ 22 ಡೆನಿಯರ್. ಇಲ್ಲಿ ನಂಬರ್ ಏರಿದರೆ ಎಳೆ ದಪ್ಪ. ಇನ್ನು ಕ್ರೋಶಾ ದಾರದ ಉಂಡೆಯ ಮೇಲಿನ ನಂಬರ್ ಬಹುಮಟ್ಟಿಗೆ ಆಯಾ ಕಂಪನಿಯದ್ದೇ ಲೆಕ್ಕ. ಅದನ್ನು ನಂಬಿ ಕೂರಬೇಡಿ.

ಇದಕ್ಕೆ ಮದ್ದು ಟೆಕ್ಸ್. 1,000 ಮೀಟರ್ ದಾರ ಎಷ್ಟು ಗ್ರಾಂ ಇದೆಯೋ ಅಷ್ಟು ಟೆಕ್ಸ್. ಹತ್ತಿಯಾದರೆ 590.5 ಅನ್ನು, ಲಿನನ್ ಆದರೆ 1,654 ಅನ್ನು ಕೌಂಟ್‌ನಿಂದ ಭಾಗಿಸಿ, ಎಳೆಗಳ ಸಂಖ್ಯೆಯಿಂದ ಗುಣಿಸಿದರೆ ಸಾಕು. ಎರಡೆಳೆಯ 100ರ ಲಿನನ್ ಸುಮಾರು 33 ಟೆಕ್ಸ್, ಅದೇ ನಂಬರಿನ ಹತ್ತಿ 12ರ ಹತ್ತಿರ. ಹಾಗಂತ ಲಿನನ್ ದಾರ 2.8 ಪಟ್ಟು ದಪ್ಪ ಇರುತ್ತದೆಯೇ? ಇಲ್ಲ. ದಾರದ ತೂಕ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ, ವ್ಯಾಸ ಅದರ ವರ್ಗಮೂಲಕ್ಕೆ ತಕ್ಕಂತೆ. 2.8ರ ವರ್ಗಮೂಲ 1.67. ಅಂದರೆ ದಪ್ಪ ಒಂದೂಮುಕ್ಕಾಲು ಪಟ್ಟಿಗೂ ಸ್ವಲ್ಪ ಕಡಿಮೆ. ಇದರಿಂದ ಒಂದು ಅನುಕೂಲವೂ ಇದೆ. ಟೆಕ್ಸ್ ಲೆಕ್ಕದಲ್ಲಿ ಹತ್ತು ಪ್ರತಿಶತ ಆಚೀಚೆ ಆದರೆ ದಪ್ಪದಲ್ಲಿ ಐದೇ ಪ್ರತಿಶತ ವ್ಯತ್ಯಾಸ. ಅಷ್ಟನ್ನು ಕಣ್ಣು ಹಿಡಿಯುವುದು ಕಷ್ಟ.

ಲೇಸಿಗೆ ಬೇಕಾದದ್ದು ಈ ದಪ್ಪವೇ. ಬಾಬಿನ್ ಲೇಸನ್ನು ದಿಂಬಿನ ಮೇಲೆ ಹೆಣೆಯುತ್ತಾರೆ. ತೂತು ಚುಚ್ಚಿದ ಕಾಗದದ ನಕ್ಷೆ, ತೂತಿಗೊಂದು ಗುಂಡುಸೂಜಿ, ಸೂಜಿಗಳ ನಡುವೆ ಬಾಬಿನ್ ಎಂಬ ಪುಟ್ಟ ಕಡ್ಡಿಗಳಿಗೆ ಸುತ್ತಿದ ದಾರ. ಸೂಜಿಗಳ ಅಂತರ ಬದಲಾಗುವುದಿಲ್ಲ. ದಾರ ಸಣ್ಣಗಾದರೆ ಹೂವು ಎಲೆ ಮಸುಕು, ದಪ್ಪಗಾದರೆ ಎಲ್ಲ ಒತ್ತೊತ್ತು. ಅದಕ್ಕೇ ಲೇಸ್ ಹೆಣೆಯುವವರು ಲೇಬಲ್ ಬಿಟ್ಟು ಸರಳ ಉಪಾಯವೊಂದನ್ನು ನೆಚ್ಚಿಕೊಂಡಿದ್ದಾರೆ. ನುಣುಪಾದ ಪೆನ್ಸಿಲ್ ಮೇಲೆ ದಾರವನ್ನು ಸುತ್ತಿಗೆ ಸುತ್ತು ತಾಗುವಂತೆ ಸುತ್ತಿ, ಒಂದು ಸೆಂಟಿಮೀಟರಿಗೆ ಎಷ್ಟು ಸುತ್ತು ಬಂತು ಎಂದು ಭೂತಗನ್ನಡಿಯಲ್ಲಿ ಎಣಿಸುವುದು. ಬಿಗಿಯಾಗಿ ಎಳೆದರೆ ದಾರ ಚಪ್ಪಟೆಯಾಗಿ ಲೆಕ್ಕ ತಪ್ಪುತ್ತದೆ. ಕೈ ಬದಲಾದರೂ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಹಳೆಯದನ್ನೂ ಹೊಸದನ್ನೂ ಒಬ್ಬರೇ ಸುತ್ತುವುದು ಒಳ್ಳೆಯದು. ಹತ್ತಿ, ಲಿನನ್, ರೇಷ್ಮೆ ಯಾವುದಾದರೂ ಆಗಲಿ, ಸುತ್ತು ಸುತ್ತೇ.

ದಪ್ಪ ಹೊಂದಿದರೆ ಗೆದ್ದಂತೆಯೇ? ಅರ್ಧ ಗೆದ್ದಂತೆ. ಉಳಿದರ್ಧ ಅಗಸೆಯದ್ದು.

ಲಿನನ್ ಬರುವುದು ಅಗಸೆ ಗಿಡದ ಕಾಂಡದ ನಾರಿನಿಂದ. ಹೌದು, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆ. ನಮ್ಮದು ಬೀಜಕ್ಕಾಗಿ ಬೆಳೆಸಿದ, ಗಿಡ್ಡಗೆ ಕವಲೊಡೆಯುವ ತಳಿ. ಬೆಲ್ಜಿಯಂ, ಫ್ರಾನ್ಸ್ ಕಡೆಯದ್ದು ನಾರಿಗಾಗಿ ಬೆಳೆಸಿದ, ನೆಟ್ಟಗೆ ಎತ್ತರ ಹೋಗುವ ತಳಿ. ಕಾಂಡವನ್ನು ಕೊಳೆಹಾಕಿದಾಗ ಬ್ಯಾಕ್ಟೀರಿಯಾಗಳು ನಾರನ್ನು ಅಂಟಿಸಿದ ಪೆಕ್ಟಿನ್ ತಿನ್ನುತ್ತವೆ, ನಾರು ಬಿಡುತ್ತದೆ. ಬೆಲ್ಜಿಯಂನ ಕೋರ್ಟ್ರೈಕ್ ಬಳಿಯ ಲೈ ನದಿಯಲ್ಲಿ ಅದ್ದಿದ ಅಗಸೆಗೆ ದೊಡ್ಡ ಹೆಸರಿತ್ತು. ನದಿ ಕೆಡುತ್ತದೆಂದು 1943ರಲ್ಲಿ ಅದನ್ನು ನಿಲ್ಲಿಸಿದರು. ಈಗ ಹೆಚ್ಚಾಗಿ ಹೊಲದಲ್ಲೇ ಹರಡಿ ಇಬ್ಬನಿಗೆ ಬಿಡುತ್ತಾರೆ.

ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಹೆಂಗಸರು ಲೇಸಿನ ನೂಲನ್ನು ತೇವದ ನೆಲಮಾಳಿಗೆಗಳಲ್ಲಿ ಕೂತು ನೂಲುತ್ತಿದ್ದರು. ಒಣ ಗಾಳಿಗೆ ಎಳೆ ಪಟ್ಟನೆ ತುಂಡಾಗುತ್ತದೆ. ಒದ್ದೆಯಾದರೆ ಉಳಿದ ಪೆಕ್ಟಿನ್ ಮೆತ್ತಗಾಗಿ ನಾರುಗಳು ಒಂದರ ಪಕ್ಕ ಒಂದು ಜಾರುತ್ತವೆ. 1825ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ನಿನ ಜೇಮ್ಸ್ ಕೇ ನಾರನ್ನು ನೀರಿನಲ್ಲಿ ನೆನೆಸಿ ಯಂತ್ರದಲ್ಲಿ ನೂಲುವ ದಾರಿ ಹುಡುಕಿದ. ಆದರೂ ಕೈನೂಲಿನ ಆ ಸಣ್ಣತನ ಯಂತ್ರಕ್ಕೆ ಬರಲೇ ಇಲ್ಲ. ಕೈ ಒಂದೊಂದೇ ನಾರನ್ನು ಗಮನಿಸಿ ಸೇರಿಸುತ್ತದೆ. ಯಂತ್ರಕ್ಕೆ ಪ್ರತಿ ಜಾಗದಲ್ಲೂ ಇಂತಿಷ್ಟು ನಾರು ಇರಲೇಬೇಕು, ಇಲ್ಲದಿದ್ದರೆ ನೂಲು ಕಡಿದು ಹೋಗುತ್ತದೆ.

ಹತ್ತಿ ಗೆದ್ದದ್ದು ಇಲ್ಲೇ. ಉದ್ದ ಎಳೆಯ ಹತ್ತಿಯನ್ನು ಯಂತ್ರ ಬಹಳ ಸಣ್ಣಗೆ ನೂಲುತ್ತದೆ. 1830ರ ದಶಕದ ಹೊತ್ತಿಗೆ ಲೇಸಿನವರು ಹತ್ತಿಗೆ ವಾಲತೊಡಗಿದ್ದರು. ಆ ಉದ್ದ ಎಳೆಯ ಗುಣ ಈಜಿಪ್ಟಿನ ಹತ್ತಿಯ ಜಾತಿಯದ್ದು. ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಕಟರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಸಂಕರ ತಳಿಯ ಒಂದು ಪೋಷಕವೂ ಅದೇ ಜಾತಿ.

ಆದರೆ ಹತ್ತಿ ಲಿನನ್ ಅಲ್ಲ. ಲಿನನ್ ಎರಡು ಮೂರು ಪ್ರತಿಶತ ಹಿಗ್ಗಿದರೆ ಹರಿಯುತ್ತದೆ. ಹತ್ತಿ ಅದರ ಎರಡು ಪಟ್ಟಾದರೂ ತಾಳುತ್ತದೆ, ರೇಷ್ಮೆ ಇಪ್ಪತ್ತರವರೆಗೂ ಹೋಗುತ್ತದೆ. ಸೂಜಿ ಕಿತ್ತ ಮೇಲೆ ಲೇಸ್ ಎಷ್ಟು ಮುದುಡುತ್ತದೆ ಎಂಬುದು ಈ ಹಿಗ್ಗುವ ಗುಣಕ್ಕೆ ಸೇರಿದ್ದು. ಗಡುಸಾದ ಲಿನನ್ ಬಾಗಿದಲ್ಲೇ ನಿಲ್ಲುತ್ತದೆ. ಪಾಲಿಯೆಸ್ಟರ್ ಸಣ್ಣಗೂ ಸಿಗುತ್ತದೆ, ಅಗ್ಗವೂ ಹೌದು, ಆದರೆ ಸ್ಪ್ರಿಂಗಿನ ಬುದ್ಧಿ. ನನ್ನ ಮಟ್ಟಿಗೆ ಹಳೆ ಲಿನನ್ ಲೇಸಿಗೆ ಅದನ್ನು ಮುಟ್ಟದಿರುವುದೇ ವಾಸಿ.

ಹೊಳಪಿನ ಕಡೆಗೂ ಕಣ್ಣಿಡಿ. ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಎಳೆದು ಹಿಡಿದ ಹತ್ತಿ ಉಬ್ಬಿ ದುಂಡಗಾಗಿ ಮಿರುಗುತ್ತದೆ. ಇದನ್ನೇ ಮರ್ಸರೈಸ್ಡ್ ಅನ್ನುತ್ತಾರೆ. ಈ ಹೊಳಪು ಬಂದದ್ದು 1890ರ ನಂತರ, ಹಾಗಾಗಿ 1850ರ ಲೇಸಿನ ನಕಲಿಗೆ ಅದು ಹೊಂದುವುದಿಲ್ಲ. ಬಿಳುಪೂ ಹಾಗೆಯೇ. ಈಗಿನ ಅಚ್ಚ ಬಿಳಿ ದಾರಗಳಲ್ಲಿ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕು ಬಿಡುವ ರಾಸಾಯನಿಕ ಇರುತ್ತದೆ. ಯುವಿ ಟಾರ್ಚ್ ಹಾಯಿಸಿದರೆ ಗೊತ್ತಾಗಿಬಿಡುತ್ತದೆ. ಹಳೆ ಲೇಸಿನ ಪಕ್ಕ ಅಂಥ ದಾರ ಇಟ್ಟರೆ ಹಳೆಯದು ಕೊಳೆಯಾದಂತೆ ಕಾಣುತ್ತದೆ, ಪಾಪ. ಬಿಳುಪು ಮಾಡದ ಅಥವಾ ಕೆನೆ ಬಣ್ಣದ ದಾರ ವಾಸಿ.

ಹಳೆಯ ರೀಲೇ ಸಿಕ್ಕಿಬಿಟ್ಟರೆ? ಖುಷಿಪಡುವ ಮುಂಚೆ ಎಳೆದು ನೋಡಿ. ಬೆಳಕು, ಆಮ್ಲ ತಗುಲಿ ಸೆಲ್ಯುಲೋಸಿನ ಉದ್ದ ಸರಪಳಿಗಳು ತುಂಡಾಗಿರುತ್ತವೆ. ಹೊರಗಿನ ಸುತ್ತುಗಳು ಮೊದಲು ಕೆಡುತ್ತವೆ. ಕಬ್ಬಿಣ ಸೇರಿಸಿ ಕಪ್ಪು ಬಣ್ಣ ಹಾಕಿದ ರೇಷ್ಮೆಯಂತೂ ಮುಟ್ಟಿದರೆ ಪುಡಿಯಾಗಬಹುದು.

ಸರಿಯಾದ ದಪ್ಪ ಸಿಗದೇ ಹೋದರೆ ದಾರ ಬಿಟ್ಟು ನಕ್ಷೆ ಬದಲಿಸುವುದು ಜಾಣತನ. ಹಳೆ ದಾರ ಸೆಂಟಿಮೀಟರಿಗೆ 40 ಸುತ್ತು, ಕೈಯಲ್ಲಿರುವುದು 30 ಸುತ್ತು ಅಂತಿಟ್ಟುಕೊಳ್ಳಿ. 40 ಭಾಗಿಸು 30, ಅಂದರೆ ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆಯನ್ನು 133 ಪ್ರತಿಶತಕ್ಕೆ ಹಿಗ್ಗಿಸಬೇಕು. ಕರ್ಚೀಫಿನ ಅಂಚಾದರೆ ನಡುವಿನ ಬಟ್ಟೆಯನ್ನೂ ಅಷ್ಟೇ ದೊಡ್ಡದಾಗಿ ಕತ್ತರಿಸಬೇಕು. ಅಳತೆ ಮೊದಲಿನಷ್ಟೇ ಇರಲಿ ಅನ್ನುವುದಾದರೆ ಪ್ರತಿ ಬದಿಯಲ್ಲಿ ನಾಲ್ಕು ಬಾರಿ ಬರುವ ಹೂವನ್ನು ಮೂರೇ ಬಾರಿ ಹೆಣೆಯಬೇಕು.