ಬಯೋಫಿಲಿಕ್ ಡಿಸೈನ್: ಗಿಡ ತರುವ ಮುಂಚೆ ಕಿಟಕಿ ನೋಡಿ

ಮನೆ ಇಂಟೀರಿಯರ್ ಮಾಡಿಸಲು ಹೊರಟವರ ಕಿವಿಗೆ ಈಗೀಗ ಜಾಸ್ತಿ ಬೀಳುವ ಪದ ಬಯೋಫಿಲಿಕ್ ಡಿಸೈನ್. ಬಿಸಿಲು, ಗಾಳಿ, ಹಸಿರು, ನೀರು, ಕಲ್ಲು, ಮರ ಇವೆಲ್ಲ ಮನೆಯೊಳಗೂ ದಿನಾ ಕಣ್ಣಿಗೆ, ಕೈಕಾಲಿಗೆ ಸಿಗುವ ಹಾಗೆ ಮನೆ ಕಟ್ಟುವುದಕ್ಕೆ ಈ ಹೆಸರು. ಬಯೋಫಿಲಿಯಾ ಅಂದರೆ ಜೀವ ಇರುವುದರ ಕಡೆಗಿನ ಒಲವು. ಅಮೆರಿಕದ ಜೀವವಿಜ್ಞಾನಿ ಎಡ್ವರ್ಡ್ ವಿಲ್ಸನ್ 1984ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಈ ಮಾತು ಎಲ್ಲೆಡೆ ಹರಡಿತು. ಈ ಒಲವು ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು ಅನ್ನುವುದು ಅವರ ವಾದ.

ಅದೇ ವರ್ಷ ರೋಜರ್ ಉಲ್ರಿಕ್ ಎಂಬ ಸಂಶೋಧಕರು ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಯಾಚೆ ಮರಗಳಿದ್ದವು, ಉಳಿದವರಿಗೆ ಕಂಡದ್ದು ಬರೀ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು. ನೋವು ಕಡಿಮೆ ಮಾಡುವ ಜೋರಾದ ಔಷಧಿಗಳೂ ಅವರಿಗೆ ಕಡಿಮೆ ಸಾಕಾದವು. ಅಧ್ಯಯನ ಚಿಕ್ಕದು, ನಿಜ. ಆದರೂ ಕಿಟಕಿಯಿಂದ ಏನು ಕಾಣುತ್ತದೆ ಅನ್ನುವುದನ್ನು ಕಟ್ಟಡದವರು ಗಂಭೀರವಾಗಿ ನೋಡಲು ಇದು ದೊಡ್ಡ ಕಾರಣವಾಯಿತು.

ಈ ಪದ ಹುಟ್ಟುವ ಎಷ್ಟೋ ಮೊದಲೇ ನಮ್ಮ ತೊಟ್ಟಿ ಮನೆಗಳಲ್ಲಿ ಇದೆಲ್ಲ ಇತ್ತು. ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳ ಪಡಸಾಲೆ, ನಾಲ್ಕೂ ಕಡೆಯಿಂದ ಒಳಕ್ಕೆ ಇಳಿಯುವ ಹೆಂಚಿನ ಮಾಡು. ಮಳೆ ಬಂದರೆ ಸೂರಿನ ನೀರು ಸೀದಾ ತೊಟ್ಟಿಗೆ ಬಿದ್ದು ಮೋರಿಯಲ್ಲಿ ಹರಿದುಹೋಗುತ್ತದೆ. ಬಿಸಿಗಾಳಿ ಅಲ್ಲಿಂದಲೇ ಮೇಲೇರಿ ಹೊರಹೋಗುವುದರಿಂದ ಕೋಣೆಗಳಲ್ಲಿ ಗಾಳಿ ಆಡುತ್ತಿರುತ್ತದೆ. ಬಿಸಿಲು ಯಾವ ಕಂಬದ ಬುಡಕ್ಕೆ ಬಂತು ಅಂತ ನೋಡಿದರೆ ಸಾಕು, ಹೊತ್ತು ಎಷ್ಟಾಯಿತು ಅಂತ ಗೊತ್ತಾಗುತ್ತದೆ. ಬಯೋಫಿಲಿಕ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ತೊಟ್ಟಿ ಎಲ್ಲಿ ತರೋಣ ಅಂತೀರಾ? ಇರುವ ಕಿಟಕಿಯಿಂದ ಶುರು ಮಾಡಿ. ಅರ್ಧ ಕಿಟಕಿ ಮುಚ್ಚಿ ನಿಂತಿರುವ ವಾರ್ಡ್‌ರೋಬ್ ಸರಿಸಿ. ಹೊರಗೆ ಒಂದು ಹೊಂಗೆ ಮರವೋ ಸಂಪಿಗೆ ಮರವೋ ಇದ್ದರೆ ಕೂರುವ ಕುರ್ಚಿಯನ್ನು ಅದರ ಕಡೆಗೆ ತಿರುಗಿಸಿ. ಪಡುವಣ ಬಿಸಿಲು ಹೊಡೆಯುವ ಕಡೆ ಬಿದಿರಿನ ಪರದೆ ಸಾಕು. ಬೇಸಿಗೆಯಲ್ಲಿ ಲಾವಂಚದ ಪರದೆಗೆ ನೀರು ಚಿಮುಕಿಸಿದರೆ ತಂಪೂ ಬರುತ್ತದೆ, ಘಮವೂ ಬರುತ್ತದೆ.

ನೆಲ ಹೊಸದಾಗಿ ಹಾಕಿಸುವವರು ರೆಡ್ ಆಕ್ಸೈಡ್ ನೆಲವನ್ನು ಒಮ್ಮೆ ಬರಿಗಾಲಲ್ಲಿ ತುಳಿದು ನೋಡಬೇಕು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಿಂದ ಒತ್ತಿ ಒತ್ತಿ ನಯ ಮಾಡಿದ ನೆಲ ಅದು. ಕಾಲಿಗೆ ತಣ್ಣಗೆ ಹತ್ತುತ್ತದೆ, ವರ್ಷ ಕಳೆದಂತೆ ಹೊಳಪು ಏರುತ್ತದೆ. ಕೆಲಸಗಾರರಿಗೆ ಕೈ ಪಳಗಿರಬೇಕು, ಇಲ್ಲದಿದ್ದರೆ ಬಿರುಕು ಖಂಡಿತ. ಮರದ ಚಿತ್ರ ಅಂಟಿಸಿದ ವಿನೈಲ್ ಹಾಳೆ ನೋಡಲು ಮರದಂತೆ ಇರಬಹುದು, ಮುಟ್ಟಿದರೆ ಪ್ಲಾಸ್ಟಿಕ್ಕೇ ಅಲ್ವಾ?

ಇನ್ನು ಗಿಡ. ನಾಲ್ಕು ಕುಂಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಅನ್ನುವ ಮಾತಿಗೆ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಕಿಟಕಿ ತೆರೆದರೆ ಆಗುವ ಕೆಲಸದ ಮುಂದೆ ಗಿಡದ ಪಾಲು ಏನೇನೂ ಅಲ್ಲ ಅಂತ 2019ರ ಒಂದು ಪರಿಶೀಲನೆ ತೋರಿಸಿತು. ಗಿಡ ಬೇಕು, ಕಣ್ಣಿಗೆ, ಮನಸ್ಸಿಗೆ ಬೇಕು. ಬೆಳಕು ಕಡಿಮೆ ಇರುವ ಮೂಲೆಗೆ ಮನಿ ಪ್ಲಾಂಟ್ ಅಥವಾ ಸ್ನೇಕ್ ಪ್ಲಾಂಟ್ ಇಡಿ. ತುಳಸಿಯನ್ನು ಸುಮ್ನೆ ಮನೆಯೊಳಗೆ ತಂದು ಬಾಡಿಸಬೇಡಿ, ಅದಕ್ಕೆ ಬಿಸಿಲೇ ಬೇಕು. ಉರುಳಿಯಲ್ಲಿ, ಅಂದರೆ ಅಗಲ ಬಾಯಿಯ ಕಂಚಿನ ಪಾತ್ರೆಯಲ್ಲಿ, ಹೂವು ತೇಲಿಬಿಡುವವರು ನೀರನ್ನು ದಿನಾ ಬದಲಿಸಿ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಅಂಥ ನಿಂತ ತಿಳಿನೀರಿನಲ್ಲೇ.